ಉಜ್ಜಿದ ಕೈಯದೇ ಗೀರು

ಒಂದು ವಸ್ತುವನ್ನು ಇನ್ನಷ್ಟು ಚಂದ ಮಾಡಲು ಹೋಗಿ ಕೈಯಾರೆ ಅದನ್ನು ಕೆಡಿಸಿದ್ದು ನಿಮಗೆ ನೆನಪಿದೆಯೇ? ಸೀರೆಯ ಕಲೆ ತೆಗೆಯಲು ಹೋಗಿ ಬಣ್ಣವನ್ನೇ ತೆಗೆದವರು, ನಾನ್‌ಸ್ಟಿಕ್ ಕಾವಲಿಯನ್ನು ಸ್ಟೀಲಿನ ಸ್ಕ್ರಬ್ಬರಿನಿಂದ ತಿಕ್ಕಿ ಹಾಳು ಮಾಡಿದವರು ನಮ್ಮ ನಡುವೆ ಬೇಕಾದಷ್ಟು ಮಂದಿ ಇದ್ದಾರೆ. ನಾನು ಅದೇ ಕೆಲಸವನ್ನು ನಮ್ಮ ಕಾರಿನ ಮೇಲೆ ಮಾಡಿದೆ. ನಿಮ್ಮ ಅಂಗಳದಲ್ಲೂ ಒಂದು ಕಾರು ಇರಬಹುದು. ಕಾರು ಇಲ್ಲದಿದ್ದರೂ ಮಕ್ಕಳಂತೂ ಇರುತ್ತಾರೆ. ಆದ್ದರಿಂದ ಈ ಅನುಭವವನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿತು.

ನಮ್ಮದು ಕಡು ನೀಲಿ ಬಣ್ಣದ ಸಣ್ಣ ಕಾರು. ಯಜಮಾನರು ದಮ್ಮಾಮಿನಲ್ಲಿ ದುಡಿದು ಉಳಿಸಿದ ಹಣದಿಂದ ಸೆಕೆಂಡ್ ಹ್ಯಾಂಡ್ ಆಗಿ ಕೊಂಡದ್ದು. ಅವರು ರಜೆಯಲ್ಲಿ ಬಂದಾಗ ಅವರು ಓಡಿಸುತ್ತಾರೆ, ಉಳಿದ ದಿನಗಳಲ್ಲಿ ನಾನೇ ಅದನ್ನು ಶಾಲೆಗೆ ಒಯ್ಯುತ್ತೇನೆ. ಫೋನ್ ಮಾಡಿದಾಗಲೆಲ್ಲ ಮಕ್ಕಳ ಕ್ಷೇಮ ವಿಚಾರಿಸಿ, ಕೊನೆಗೆ "ಕಾರು ಹೇಗಿದೆ?" ಎಂದು ಕೇಳುವುದು ಅವರ ರೂಢಿ. ಈ ಸಲ ಅವರು ಬರಲು ಎರಡು ವಾರ ಇರುವಾಗ, ಕಾರನ್ನು ಹೊಸದರಂತೆ ಹೊಳೆಯಿಸಿ ಅವರನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಹೋಗಬೇಕೆಂದು ಆಸೆಪಟ್ಟೆ.

ಒಂದು ಭಾನುವಾರ ಸಂಜೆ ಕೆಲಸಕ್ಕಿಳಿದೆ. ನಮ್ಮ ಊರಿನ ಕೆಂಪು ಧೂಳು ನಿಮಗೆ ಗೊತ್ತೇ ಇದೆ. ಎರಡು ಬಕೆಟ್ ನೀರು ಎರಚಿದೆ, ಹಳೆಯ ಲುಂಗಿಯಿಂದ ಒರೆಸಿದೆ. ಅಂಗಡಿಯವನು ಕೊಟ್ಟ ಡಬ್ಬಿಯ ಪಾಲಿಶ್ ಹಚ್ಚಿ, ಅದೇ ಲುಂಗಿಯ ಇನ್ನೊಂದು ತುಂಡಿನಿಂದ ಬಲವಾಗಿ ಉಜ್ಜಿದೆ. ಮಧ್ಯೆ ಬಟ್ಟೆ ನೆಲಕ್ಕೆ ಬಿತ್ತು. ಕೊಡವಿ ಮತ್ತೆ ಉಜ್ಜಿದೆ. ಮಗ್ರಿಬ್ ಹೊತ್ತಿಗೆ ಕೈ ಸೋತಿತ್ತು, ಕಾರು ಮಿಂಚುತ್ತಿತ್ತು.

ಮರುದಿನ ಬೆಳಿಗ್ಗೆ ಬಿಸಿಲು ಬಿದ್ದಾಗ ನನ್ನ ಎದೆ ಧಸಕ್ಕೆಂದಿತು. ಬಾನೆಟ್ಟಿನ ತುಂಬ ಜೇಡರ ಬಲೆಯಂತೆ ಸೂಕ್ಷ್ಮ ಗೀರುಗಳು!

ನನ್ನ ಕಿರಿಯ ಮಗನಿಗೆ ಹದಿಮೂರು ವರ್ಷ. ಸೈಕಲನ್ನು ಕಾರಿಗೆ ಒರಗಿಸಿ ಇಡಬೇಡ ಎಂದು ಅವನಿಗೆ ನೂರು ಸಲ ಹೇಳಿದ್ದೆ. ಯೋಚಿಸಲು ಒಂದು ಕ್ಷಣವನ್ನೂ ತೆಗೆದುಕೊಳ್ಳದೆ ಅವನನ್ನು ಕರೆದೆ. "ಉಮ್ಮಾ, ನಾನಲ್ಲ. ನಾನು ನಿನ್ನೆ ಸೈಕಲ್ ಮುಟ್ಟಲೇ ಇಲ್ಲ" ಎಂದ. ನಾನು ನಂಬಲಿಲ್ಲ. ಸೈಕಲಿಗೆ ಬೀಗ ಹಾಕಿ ಕೀಲಿಯನ್ನು ಕಪಾಟಿನಲ್ಲಿಟ್ಟೆ. "ಉಪ್ಪ ಬರಲಿ, ಹೇಳುತ್ತೇನೆ" ಎಂದೂ ಹೆದರಿಸಿದೆ. ಅವನು ಎದುರುತ್ತರ ಕೊಡಲಿಲ್ಲ. ಆದರೆ ಅಂದಿನಿಂದ ಊಟಕ್ಕೆ ಕರೆದರೆ ಬರುತ್ತಿದ್ದ, ಉಣ್ಣುತ್ತಿದ್ದ, ಎದ್ದು ಹೋಗುತ್ತಿದ್ದ. ಅಷ್ಟೇ.

ಇತ್ತ ಗೀರು ಅಳಿಸಲು ನಾನು ಒದ್ದಾಡಿದೆ. ಟೂತ್‌ಪೇಸ್ಟ್ ಹಚ್ಚಿದರೆ ಹೋಗುತ್ತದೆ ಎಂದು ಎಲ್ಲೋ ಕೇಳಿದ್ದೆ. ಹಚ್ಚಿ ಉಜ್ಜಿದರೆ ಆ ಜಾಗ ಮಂಜು ಕವಿದಂತೆ ಮಸುಕಾಯಿತು. ಕೊನೆಗೆ ತೆಂಗಿನೆಣ್ಣೆ ಸವರಿದೆ. ಆಶ್ಚರ್ಯ, ಗೀರುಗಳೆಲ್ಲ ಮಾಯ! ನಿಟ್ಟುಸಿರು ಬಿಟ್ಟೆ. ಎರಡು ದಿನ ಕಳೆದು ಸೋಪು ಹಾಕಿ ತೊಳೆದಾಗ ಅವೆಲ್ಲವೂ ಮತ್ತೆ ಹಾಜರು.

ಆ ವಾರ ನನ್ನ ತಾಯಿಯ ತಮ್ಮ ಮನೆಗೆ ಬಂದರು. ಮೂವತ್ತು ವರ್ಷ ಗ್ಯಾರೇಜಿನಲ್ಲಿ ವಾಹನಗಳಿಗೆ ಬಣ್ಣ ಹೊಡೆದವರು ಅವರು. ಬಾನೆಟ್ಟಿನ ಮೇಲೆ ಟಾರ್ಚ್ ಹಿಡಿದು ನೋಡಿ ನಕ್ಕರು.

"ಮಗಳೇ, ಸೈಕಲಿನ ಗೀರು ಒಂದೋ ಎರಡೋ ಇರುತ್ತದೆ. ಉದ್ದವಾಗಿ, ಆಳವಾಗಿ ಇರುತ್ತದೆ. ಇವು ಸಾವಿರ ಇವೆ. ಇದು ಬಟ್ಟೆಯ ಗೀರು. ಉಜ್ಜಿದ್ದು ಯಾರು?"

ನಾನು ಲುಂಗಿಯ ತುಂಡನ್ನು ತಂದು ಕೊಟ್ಟೆ. ಅವರು ಅದನ್ನು ಬಿಳಿ ಕಾಗದದ ಮೇಲೆ ಕೊಡವಿದರು. ಕೆಂಪು ಮಣ್ಣಿನ ಜೊತೆ ನಾಲ್ಕಾರು ಮರಳಿನ ಕಣಗಳು ಬಿದ್ದವು.

ಮಾಮ ವಿವರಿಸಿದ್ದನ್ನು ನಿಮಗೂ ಹೇಳುತ್ತೇನೆ. ಇಂದಿನ ಹೆಚ್ಚಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿರುತ್ತದೆ. ಹೊಳಪು ಬರುವುದು ಅದರಿಂದಲೇ. ಅದರ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್. ಒಂದು ಮಿಲಿಮೀಟರಿನಲ್ಲಿ 1000 ಮೈಕ್ರಾನ್ ಎಂದರೆ ಅದೆಷ್ಟು ತೆಳುವೆಂದು ನೀವೇ ಊಹಿಸಿ. ಮರಳಿನ ಕಣ ಅದಕ್ಕಿಂತ ಎಷ್ಟೋ ಗಟ್ಟಿ. ನೀರು ಎರಚಿದ ಮಾತ್ರಕ್ಕೆ ಅದು ಹೋಗುವುದಿಲ್ಲ, ಬಟ್ಟೆಗೆ ಅಂಟಿಕೊಂಡು ಉಜ್ಜಿದಲ್ಲೆಲ್ಲ ಗೀರುತ್ತದೆ. ಬಳಸಿ ಹಳತಾದ ಸ್ಟೀಲ್ ತಟ್ಟೆಯನ್ನು ಬಲ್ಬಿನ ಕೆಳಗೆ ಹಿಡಿದು ನೋಡಿ, ಬೆಳಕಿನ ಸುತ್ತ ಇಂಥದೇ ಬಲೆ ಕಾಣುತ್ತದೆ. ನೆರಳಿನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಎಣ್ಣೆ ಸವರಿದರೆ ಅದು ಗೀರಿನೊಳಗೆ ತುಂಬಿ ಸ್ವಲ್ಪ ಹೊತ್ತು ಮರೆಮಾಚುತ್ತದೆ, ಗುಣಪಡಿಸುವುದಿಲ್ಲ. ಟೂತ್‌ಪೇಸ್ಟಿನಲ್ಲಿರುವುದು ಹಲ್ಲು ಉಜ್ಜಲು ಹಾಕಿದ ಪುಡಿ, ಅದು ಕಾರಿನ ಬಣ್ಣಕ್ಕೆ ಹೇಳಿದ್ದಲ್ಲ. ಇನ್ನು ನಾನು ಪಾಲಿಶ್ ಎಂದುಕೊಂಡ ಡಬ್ಬಿಯಲ್ಲಿದ್ದದ್ದು ರಬ್ಬಿಂಗ್ ಕಾಂಪೌಂಡ್. ಅದು ಪಾಲಿಶ್‌ಗಿಂತ ತರಿತರಿಯಾದ ಪದಾರ್ಥ. ಡಬ್ಬಿಯ ಮೇಲೆ ಹಾಗೆಂದು ಬರೆದೂ ಇತ್ತು. ಬಿ.ಎ. ಮಾಡಿದ ನಾನು ಅದನ್ನು ಓದಿರಲಿಲ್ಲ.

ಮಾಮ ಹೋದ ಮೇಲೆ ನಾನು ಮಾಡಿದ್ದೇನು ಗೊತ್ತೇ? ಸೈಕಲಿನ ಕೀಲಿಯನ್ನು ಮಗನ ಮೇಜಿನ ಮೇಲಿಟ್ಟು, "ಹೋಗಲಿ ಬಿಡು, ಸೈಕಲ್ ತಗೋ" ಎಂದೆ. ಅವನು ಕೀಲಿ ಮುಟ್ಟಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಮದ್ರಸದಲ್ಲಿ, ಆಮೇಲೆ ಶಾಲೆಯಲ್ಲಿ, ತಪ್ಪು ಮಾಡಿದರೆ ಒಪ್ಪಿಕೊಳ್ಳಬೇಕೆಂದು ಮಕ್ಕಳಿಗೆ ಕಲಿಸುವವಳು ನಾನು. ನನ್ನ ಮನೆಯಲ್ಲಿ ನಾನು ಮಾಡಿದ್ದು ಎಣ್ಣೆ ಸವರುವ ಕೆಲಸ. ತಪ್ಪು ನನ್ನದು ಎನ್ನುವ ಬದಲು ಅವನನ್ನು ಕ್ಷಮಿಸಿದವಳಂತೆ ನಟಿಸಿದ್ದೆ.

ಮರುದಿನ ಸುಬ್‌ಹ್ ಬಳಿಕ ಅವನ ಬಳಿ ಕುಳಿತು ಹೇಳಿದೆ: "ಕಾರಿಗೆ ಗೀರು ಹಾಕಿದ್ದು ನಾನು. ನೀನು ಸತ್ಯ ಹೇಳಿದರೂ ನಾನು ನಂಬಲಿಲ್ಲ. ನನ್ನಿಂದ ತಪ್ಪಾಯಿತು ಮಗನೇ, ಕ್ಷಮಿಸು." ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಉಮ್ಮಾ, ಉಪ್ಪನಿಗೂ ಹೇಳ್ತೀರಾ?" ಎಂದು ಕೇಳಿದ. ಅವನಿಗೆ ನೋವಾದದ್ದು ಬೀಗದಿಂದಲ್ಲ, ಆ ಬೆದರಿಕೆಯಿಂದ ಎಂದು ನನಗೆ ಆಗ ತಿಳಿಯಿತು. ಅವನ ಮುಂದೆಯೇ ಫೋನ್ ಮಾಡಿ ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಅವರು ಕಾರಿನ ಬಗ್ಗೆ ಒಂದು ಮಾತೂ ಆಡಲಿಲ್ಲ. "ಅವನ ಕೈಗೆ ಫೋನ್ ಕೊಡು" ಎಂದರು. ಅವರು ಏನು ಹೇಳಿದರೋ, ಮಗ ನಕ್ಕದ್ದು ಕೇಳಿಸಿತು.

ನಂತರ ನಾವಿಬ್ಬರೂ ಸೇರಿ ಮೂರು ಮುಂಜಾನೆ ಕಾರಿನ ಕೆಲಸ ಮಾಡಿದೆವು. ಮಾಮ ಹೇಳಿಕೊಟ್ಟ ಕ್ರಮ ಹೀಗಿದೆ.

ಮೊದಲ ದಿನ ತೊಳೆಯುವ ಕೆಲಸ ಮಾತ್ರ. ನೆರಳಿನಲ್ಲಿ, ತಣ್ಣಗಿರುವ ಕಾರಿನ ಮೇಲೆ ಪೈಪಿನಿಂದ ನೀರು ಬಿಟ್ಟು ಧೂಳನ್ನು ಮೇಲಿನಿಂದ ಕೆಳಗೆ ಇಳಿಸಬೇಕು. ಬಳಿಕ ಎರಡು ಬಕೆಟ್ ಬೇಕು: ಒಂದರಲ್ಲಿ ಕಾರ್ ಶ್ಯಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿ ನೀರು. ಪಾತ್ರೆ ತೊಳೆಯುವ ಸೋಪು ಬೇಡ, ಅದು ಕಾರಿನ ಮೇಲಿರುವ ವ್ಯಾಕ್ಸನ್ನು ತೆಗೆದುಬಿಡುತ್ತದೆ. ಚಕ್ರಗಳನ್ನು ಕೊನೆಗೆ, ಬೇರೆ ಬಟ್ಟೆಯಿಂದ ತೊಳೆಯಬೇಕು. ಒರೆಸಲು ಮೈಕ್ರೋಫೈಬರ್ ಬಟ್ಟೆಯೇ ಆಗಬೇಕು. ಅದು ನೆಲಕ್ಕೆ ಬಿದ್ದರೆ ಒಗೆಯದೆ ಮತ್ತೆ ಮುಟ್ಟಿಸಬಾರದು.

ತೊಳೆದ ಮೇಲೆ ಪರೀಕ್ಷೆ. ಒದ್ದೆಯಾದಾಗ ಗೀರು ಕಾಣದಿದ್ದರೆ ಅದು ಮೇಲುಪದರದಲ್ಲಿದೆ ಎಂದರ್ಥ. ಉಗುರನ್ನು ಅಡ್ಡವಾಗಿ ಎಳೆದಾಗ ಸಿಕ್ಕಿಕೊಂಡರೆ ಅದು ಆಳವಾದದ್ದು, ಕೈ ಪಾಲಿಶ್‌ನಿಂದ ಹೋಗುವುದಿಲ್ಲ. ಬಟ್ಟೆಗೆ ಕಾರಿನ ಬಣ್ಣವೇ ಹತ್ತಿದರೆ ಕೂಡಲೇ ನಿಲ್ಲಿಸಿ ತಿಳಿದವರನ್ನು ಕೇಳಬೇಕು.

ಎರಡನೆಯ ದಿನ ಪಾಲಿಶ್. ಮೊದಲು ಅಂಗೈಯಗಲ ಜಾಗದಲ್ಲಿ, ಅತಿ ನಯವಾದ ಪಾಲಿಶ್‌ನಿಂದ ಶುರು ಮಾಡಬೇಕು. ಅದರಿಂದಲೇ ಗೀರು ಹೋದರೆ ಕಾಂಪೌಂಡ್ ಅಗತ್ಯವಿಲ್ಲ. ನಮಗೆ ಬಾನೆಟ್ಟಿಗೆ ಮಾತ್ರ ಕಾಂಪೌಂಡ್ ಬೇಕಾಯಿತು. ಮೆತ್ತನೆಯ ಫೋಮ್ ಪ್ಯಾಡಿಗೆ ಕಡಲೆ ಗಾತ್ರದಷ್ಟು ಹಾಕಿ, ಒಂದು ಸಲಕ್ಕೆ ಒಂದು ಚದರ ಅಡಿ ಜಾಗದಲ್ಲಿ, ನೇರ ಸಾಲಿನಲ್ಲಿ ಹಿಂದೆ ಮುಂದೆ, ನಂತರ ಅದಕ್ಕೆ ಅಡ್ಡವಾಗಿ ಹಗುರ ಒತ್ತಡದಿಂದ ಉಜ್ಜಬೇಕು. ಶುಭ್ರವಾದ ಬಟ್ಟೆಯಿಂದ ಒರೆಸಿ ಟಾರ್ಚ್ ಹಿಡಿದು ನೋಡಬೇಕು. ಕಾಂಪೌಂಡ್ ಒಂದಿಷ್ಟು ಮಸುಕನ್ನು ಬಿಟ್ಟುಹೋಗುತ್ತದೆ, ಅದನ್ನು ನಯವಾದ ಪಾಲಿಶ್ ತೆಗೆಯುತ್ತದೆ. ಬಾನೆಟ್ ಮತ್ತು ಬಾಗಿಲುಗಳ ಅಂಚಿನಲ್ಲಿ ಪದರ ಬೇಗ ಸವೆಯುವುದರಿಂದ ಅಲ್ಲಿ ಉಜ್ಜದಿರುವುದೇ ಲೇಸು.

ಮೂರನೆಯ ದಿನ ತೆಳುವಾಗಿ ವ್ಯಾಕ್ಸ್. ಅದು ಗೀರು ತೆಗೆಯುವುದಿಲ್ಲ, ಹೊಳಪನ್ನು ಕಾಯುತ್ತದೆ.

ಇನ್ನೊಂದು ಮಾತು ನೆನಪಿಡಿ. ಪಾಲಿಶ್ ಗೀರನ್ನು ತುಂಬುವುದಿಲ್ಲ. ಗೀರಿನ ಸುತ್ತಲಿನ ಪದರವನ್ನು ಸವೆಸಿ ಮಟ್ಟ ಮಾಡುತ್ತದೆ. ಸವೆದದ್ದು ಮತ್ತೆ ಬರುವುದಿಲ್ಲ. ಆದ್ದರಿಂದ ತಿಂಗಳು ತಿಂಗಳು ಪಾಲಿಶ್ ಮಾಡುತ್ತಾ ಕೂರಬೇಡಿ. ಸರಿಯಾಗಿ ತೊಳೆದರೆ ಗೀರು ಬೀಳುವುದೇ ಕಡಿಮೆ.

ಯಜಮಾನರು ಬಂದರು. ವಿಮಾನ ನಿಲ್ದಾಣದಲ್ಲಿ ಕಾರಿನ ಸುತ್ತ ಒಂದು ಸುತ್ತು ಬಂದು, "ಚೆನ್ನಾಗಿದೆ" ಎಂದರು. ಚಾಲಕನ ಬಾಗಿಲ ಹಿಡಿಯ ಬಳಿ ಒಂದು ಗೀರು ಉಳಿದಿದೆ. ಟಾರ್ಚ್ ಹಿಡಿದು ಹುಡುಕುವಾಗ ಕಂಡದ್ದು, ಉಗುರಿಗೆ ಸಿಗುವಷ್ಟು ಆಳ. ಅದು ನನ್ನ ಬಳೆಯದ್ದು ಎಂದು ಮಗ ಹೇಳುತ್ತಾನೆ. ನೋಡಿದರೆ ಹೌದು, ಬಳೆಯದ್ದೇ.

ಸಹೋದರಿಯರೇ, ಏನನ್ನಾದರೂ ಉಜ್ಜುವ ಮುನ್ನ ಒಮ್ಮೆ ಕೈಯಲ್ಲಿರುವ ಬಟ್ಟೆಯನ್ನು ಬಿಚ್ಚಿ ನೋಡಿ. ಮಕ್ಕಳ ಮೇಲೆ ತಪ್ಪು ಹೊರಿಸುವ ಮುನ್ನವೂ ಅದನ್ನೇ ಮಾಡಿ. ಆಮೇಲೂ ತಪ್ಪಾಗಿಬಿಟ್ಟರೆ ಎಣ್ಣೆ ಸವರಲು ಹೋಗದೆ, "ನಾನೇ ಮಾಡಿದ್ದು" ಎಂದು ಹೇಳಿಬಿಡಿ. ಮಕ್ಕಳು ನಮಗಿಂತ ಬೇಗ ಕ್ಷಮಿಸುತ್ತಾರೆ.