ಭೀಮರಾಜನ ಬೆನ್ನು ಹತ್ತಿದವರು

ದುಬಾರೆಗೆ ಹೋಗುವವರಲ್ಲಿ ಹೆಚ್ಚಿನವರು ಆನೆ ನೋಡಲು ಹೋಗುತ್ತಾರೆ. ಕುಶಾಲನಗರದಿಂದ ಸುಮಾರು 15 ಕಿಲೋಮೀಟರ್ ಸಾಗಿ, ಕಾವೇರಿ ದಾಟಿ, ಆನೆಗಳ ಸ್ನಾನ ನೋಡಿ, ಫೋಟೊ ತೆಗೆಸಿಕೊಂಡು ಮಧ್ಯಾಹ್ನದೊಳಗೆ ಹಿಂದಿರುಗುತ್ತಾರೆ. ಕುತ್ತಿಗೆಗೆ ದುರ್ಬೀನು ನೇತುಹಾಕಿಕೊಂಡು ಬರುವ ಕಾಲೇಜು ಹುಡುಗನ ಲೆಕ್ಕಾಚಾರವೇ ಬೇರೆ. ಅವನಿಗೆ ಆನೆ ಬೇಡ, ಜನರಂತೂ ಬೇಡವೇ ಬೇಡ. ಬಿದಿರುಮೆಳೆಯಲ್ಲಿ ಭೀಮರಾಜ ಕೂಗಬೇಕು, ಹೊಳೆಯ ಬಂಡೆಯ ಮೇಲೆ ಮಿಂಚುಳ್ಳಿ ಕೂರಬೇಕು, ಎತ್ತರದ ಮರದಿಂದ ಮಂಗಟ್ಟೆ ಹಾರಬೇಕು. ಇದೆಲ್ಲ ಬೆಳಕು ಹರಿಯುವ ಹೊತ್ತಿಗೆ, ಒಬ್ಬನೇ ಇದ್ದಾಗ ಚೆನ್ನಾಗಿ ಸಿಗುತ್ತದೆ. ಮನೆಯಲ್ಲಿ ತಾಯಿಗೆ ನಿದ್ದೆ ಬಾರದಿರುವುದೂ ಈ ‘ಒಬ್ಬನೇ’ ಎಂಬ ಪದದಿಂದಲೇ.

ತಾಯಿಯ ಭಯವನ್ನು ನಕ್ಕು ತಳ್ಳಿಹಾಕುವಂತಿಲ್ಲ. 1985ರಲ್ಲಿ ಕಾರ್ಬೆಟ್ ಅಭಯಾರಣ್ಯದಲ್ಲಿ ಡೇವಿಡ್ ಹಂಟ್ ಎಂಬ ಬ್ರಿಟಿಷ್ ಪಕ್ಷಿವೀಕ್ಷಕ ಹುಲಿಗೆ ಬಲಿಯಾದರು. ಅವರೇನೂ ಹೊಸಬರಲ್ಲ. ಪಕ್ಷಿಪ್ರಿಯರ ತಂಡಗಳನ್ನು ಕರೆದೊಯ್ಯುವುದೇ ಅವರ ಕಸುಬು. ಅಂದೂ ತಂಡ ಜೊತೆಗಿತ್ತು. ಗೂಬೆಯೊಂದರ ಬೆನ್ನು ಹತ್ತಿ ದಾರಿ ಬಿಟ್ಟು ಪೊದೆಯೊಳಗೆ ಹೋದದ್ದು ಮಾತ್ರ ಒಬ್ಬರೇ.

ದುಬಾರೆಯಲ್ಲಿ ಹುಲಿಗಿಂತ ಹೆಚ್ಚಾಗಿ ಯೋಚಿಸಬೇಕಾದದ್ದು ಆನೆಯನ್ನು. ಹಕ್ಕಿ ನೋಡುವವನು ಬೇರೆ ಯಾರಿಗಿಂತಲೂ ಸುಲಭವಾಗಿ ಆನೆಯ ಎದುರಿಗೆ ಬೀಳುತ್ತಾನೆ. ಕಾರಣ ಅವನ ದುರ್ಬೀನು. ಎಂಟು ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನು ಕಾಡಿನ ಏಳೆಂಟು ಡಿಗ್ರಿಯಷ್ಟು ಸೀಳನ್ನು ಮಾತ್ರ ತೋರಿಸುತ್ತದೆ; ಉಳಿದದ್ದೆಲ್ಲ ಕತ್ತಲೆ. ಕಣ್ಣು ಮೇಲೆ, ಕಿವಿ ಹಕ್ಕಿಯ ಕೂಗಿನಲ್ಲಿ, ಕಾಲು ತನ್ನಷ್ಟಕ್ಕೆ ಮುಂದೆ. ಭೀಮರಾಜ ಇದರಲ್ಲಿ ಮಹಾ ಮೋಸಗಾರ. ಬೇರೆ ಹಕ್ಕಿಗಳ ಕೂಗನ್ನೆಲ್ಲ ಅನುಕರಿಸಿ, ಇಲ್ಲದ ಹಕ್ಕಿಯನ್ನು ಹುಡುಕುತ್ತಾ ಇನ್ನೂ ಹತ್ತು ಹೆಜ್ಜೆ ಒಳಗೆ ಬರುವಂತೆ ಮಾಡುತ್ತಾನೆ.

ಆನೆಯಷ್ಟು ದೊಡ್ಡ ಪ್ರಾಣಿ ಬಂದರೆ ಗೊತ್ತಾಗದೇ ಇರುತ್ತದೆಯೇ ಎನ್ನುವವರಿದ್ದಾರೆ. ಮೇಯುವಾಗ ಬಿದಿರು ಮುರಿಯುವ ಸದ್ದು ಕೇಳುತ್ತದೆ, ನಿಜ. ಆದರೆ ನಿಂತ ಆನೆ ನೆರಳಿನಲ್ಲಿ ಬಂಡೆಯಂತೆಯೇ ಕಾಣುತ್ತದೆ, ನಡೆದರೂ ಸದ್ದಿಲ್ಲ. ಮುಸುವ, ಕೆಂಜಳಿಲು ಎಚ್ಚರಿಸುತ್ತವೆ ಎಂದು ಪುಸ್ತಕ ಓದಿದವರು ಹೇಳುತ್ತಾರೆ. ಅವು ಅರಚುವುದು ಚಿರತೆ, ಹುಲಿಗಳಂಥ ಬೇಟೆಗಾರ ಪ್ರಾಣಿಗಳನ್ನು ಕಂಡಾಗ. ಆನೆ ಬಂದರೆ ಸಾಮಾನ್ಯವಾಗಿ ತಮ್ಮ ಪಾಡಿಗೆ ತಾವಿರುತ್ತವೆ. ಹಸಿ ಲದ್ದಿ, ಆಗತಾನೇ ಮುರಿದ ಕೊಂಬೆ, ಲಾಯದಂಥ ವಾಸನೆ ಇವೇ ಇಲ್ಲಿನ ಎಚ್ಚರಿಕೆ. ಇವುಗಳಲ್ಲಿ ಒಂದು ಕಂಡರೂ ಬಂದ ದಾರಿಯಲ್ಲೇ ಹಿಂದಿರುಗಬೇಕು. ಓಡಿ ಆನೆಯನ್ನು ಗೆದ್ದವರಿಲ್ಲ.

ದುಬಾರೆಯಲ್ಲಿ ಇನ್ನೊಂದು ತೊಡಕಿದೆ. ಶಿಬಿರದ ಆನೆಗಳನ್ನು ರಾತ್ರಿ ಕಾಡಿಗೆ ಮೇಯಲು ಬಿಡುತ್ತಾರೆ. ಬೆಳಿಗ್ಗೆ ಮಾವುತರು, ಕಾವಾಡಿಗಳು ಸರಪಳಿ ಎಳೆದ ಗುರುತು ಹಿಡಿದು ಹುಡುಕಿ ತರುತ್ತಾರೆ. ಇವರಲ್ಲಿ ಅನೇಕರು ಜೇನುಕುರುಬರು. ಈ ವಿದ್ಯೆ ಅವರಿಗೆ ಮನೆಯ ಪಾಠ. ಕಾಲಿನ ಸರಪಳಿ ಕಂಡು ‘ಸಾಕಿದ್ದು’ ಎಂದು ಧೈರ್ಯದಿಂದ ಹತ್ತಿರ ಹೋಗುವುದು ಶುದ್ಧ ಅವಿವೇಕ. 2024ರ ಸೆಪ್ಟೆಂಬರಿನಲ್ಲಿ, ದಸರೆಗೆಂದು ಮೈಸೂರಿಗೆ ಬಂದಿದ್ದ ದುಬಾರೆಯ ಧನಂಜಯ, ತನ್ನದೇ ಶಿಬಿರದ ಕಂಜನ್ ಆನೆಯನ್ನು ಅರಮನೆಯಿಂದ ಬೀದಿಯವರೆಗೂ ಅಟ್ಟಿಸಿಕೊಂಡು ಬಂದದ್ದನ್ನು ಊರೇ ನೋಡಿತು. ತರಬೇತಾದ ಆನೆಗಳ ಸಂಗತಿಯೇ ಹೀಗೆ.

ಕಾವೇರಿಯೂ ನಂಬುವಂಥದ್ದಲ್ಲ. ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ಹೆಜ್ಜೆಯಿಟ್ಟು ದಾಟುವ ಹೊಳೆ, ಮಳೆಗಾಲದಲ್ಲಿ ದೋಣಿಯನ್ನೂ ನಿಲ್ಲಿಸುತ್ತದೆ. ದುಬಾರೆಯಲ್ಲಿ ಬಿಸಿಲಿದ್ದರೂ ಭಾಗಮಂಡಲದ ಕಡೆ ಸುರಿದ ಮಳೆ ಇಲ್ಲಿ ನೀರು ಏರಿಸಬಹುದು. ಪಾಚಿ ಹಿಡಿದ ಬಂಡೆಯ ಮೇಲೆ, ಕಣ್ಣಿಗೆ ದುರ್ಬೀನು ಹಿಡಿದು ಹೆಜ್ಜೆ ಹಾಕುವವನಿಗೆ ಈಜು ಬಂದರೂ ಉಪಯೋಗವಾಗದು.

ಹಾಗೆಂದು ದುರ್ಬೀನನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಅಪ್ಪಂದಿರಿಗೆ ಒಂದು ಮಾತು. ಬೇಡವೆಂದ ಕಡೆಗೆ ಹುಡುಗರು ಹೇಳದೆ ಹೋಗುತ್ತಾರೆ. ನಿಜವಾದ ಅಪಾಯ ಅದೇ. ಮಗನಿರಲಿ ಮಗಳಿರಲಿ, ಎಲ್ಲಿಗೆ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂದು ಚೀಟಿ ಬರೆದಿಡಲಿ. ಹೇಳಿದ ಹೊತ್ತು ಮೀರಿ ಒಂದು ಗಂಟೆಯಾದರೆ ಯಾರಿಗೆ ಫೋನು ಮಾಡಬೇಕೆಂಬುದೂ ಅದರಲ್ಲಿರಲಿ. ಮೊಬೈಲನ್ನು ನೆಚ್ಚುವುದು ಬೇಡ. ಮರಗಳ ನಡುವೆ ಸಿಗ್ನಲ್ ಕೈಕೊಡುತ್ತದೆ. ನದಿಯಾಚೆಯದು ಮೀಸಲು ಅರಣ್ಯ. ಅನುಮತಿಯಿಲ್ಲದೆ ಒಳಹೊಕ್ಕರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಅನುಮತಿ ಪಡೆದು, ಕಾಡು ಬಲ್ಲ ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಂಡರೆ ಹೋಗುವ ಸಂಭಾವನೆಗಿಂತ ಹೆಚ್ಚಿನ ಹಕ್ಕಿಗಳು ಕಾಣುತ್ತವೆ. ಎಲ್ಲಿ ನಿಲ್ಲಬೇಕೆಂದು ಅವರಿಗೆ ಗೊತ್ತು.

ಕಾಫಿ ತೋಟ ಸುರಕ್ಷಿತವೆಂದು ತಿಳಿಯುವುದೂ ತಪ್ಪು. ಹಲಸು ಹಣ್ಣಾಗುವ ಕಾಲಕ್ಕೆ ಕೊಡಗಿನ ಆನೆಗಳು ತೋಟದಲ್ಲೇ ಇರುತ್ತವೆ. ಮಾಲೀಕರನ್ನು ಕೇಳಿ, ರಾತ್ರಿ ಎಲ್ಲಿ ಬಂದಿದ್ದವೆಂದು ಆಳುಗಳಿಂದ ತಿಳಿದು, ಬಿಸಿಲು ಏರಿದ ಮೇಲೆ ರಸ್ತೆಯಂಚಿನಲ್ಲಿ ಇಬ್ಬರು ನಿಂತರೆ ಸಾಕು. ದೋಣಿ ಕಾಯುವ ಕಡವಿನಲ್ಲಿ ನಿಂತರೂ ಆದೀತು. ಮಿಂಚುಳ್ಳಿ ಕೂರುವ ಬಂಡೆಗಳು ಅಲ್ಲಿಂದಲೂ ಕಾಣುತ್ತವೆ.