ಬರಿಯ ಸೀಸದ ಗುಂಡು

ರೇಂಜ್ ಆಫೀಸರ್ ಪೆಟ್ಟಿಗೆಯಿಂದ ಒಂದು ತೋಟಾ ಎತ್ತಿ, ಅದರ ತುದಿಯ ಗುಂಡಿನ ಮೇಲೆ ಕಿರುಚಾಕುವಿನ ಮೊನೆ ಎಳೆದರು. ತಾಮ್ರದ ಬಣ್ಣ ಎದ್ದುಬಂತು, ಕೆಳಗೆ ಬೂದು ಸೀಸ ಕಾಣಿಸಿತು. ಇದು ಕವಚವಲ್ಲ, ತೆಳುವಾದ ಲೇಪ ಅಷ್ಟೇ ಎಂದು ಅವನು ವಾದಿಸಿ ನೋಡಿದ. ಆಫೀಸರ್ ಒಪ್ಪಲಿಲ್ಲ. ಬರಿಯ ಸೀಸ ತನ್ನಿ, ಇಲ್ಲವೇ .22 ಹೊಡೆಯಿರಿ ಎಂದು ತಮಿಳಿನಲ್ಲಿ ಹೇಳಿ ಐವತ್ತು ತೋಟಾಗಳ ಪೆಟ್ಟಿಗೆಯನ್ನು ವಾಪಸು ಕೊಟ್ಟರು. ಶೋಳಿಂಗನಲ್ಲೂರಿಗೆ ಮರಳುವ ದಾರಿಯುದ್ದಕ್ಕೂ ಅವನು ಸಿಡಿಮಿಡಿಗೊಂಡೇ ಇದ್ದ.

ವಾರವಿಡೀ ಎಲ್ಕಾಟ್ ಆವರಣದ ಕಂಪನಿಯೊಂದರಲ್ಲಿ ಕೆಲಸ, ಶನಿವಾರ ಬೆಳಿಗ್ಗೆ ಪಿಸ್ತೂಲು. ಅವನು ಹೊಡೆಯುವುದು 25 ಮೀಟರ್ ಸೆಂಟರ್ ಫೈರ್. ದೋಹಾದಲ್ಲಿ 2006ರ ಏಷ್ಯನ್ ಗೇಮ್ಸಿನಲ್ಲಿ ಜಸ್ಪಾಲ್ ರಾಣಾ 600ಕ್ಕೆ 590 ಹೊಡೆದು ಚಿನ್ನ ಗೆದ್ದ ಸ್ಪರ್ಧೆ ಅದು. ಒಲಿಂಪಿಕ್ಸಿನಲ್ಲಿ ಇಲ್ಲದ್ದರಿಂದ ಹೆಚ್ಚು ಜನ ಅದರ ಕಡೆ ತಲೆ ಹಾಕುವುದಿಲ್ಲ. ಒಟ್ಟು 60 ಗುಂಡು. ಮೊದಲ 30ಕ್ಕೆ ನಿಧಾನವಾಗಿ ಗುರಿ ಹಿಡಿಯುವಷ್ಟು ಸಮಯವಿದೆ. ಉಳಿದ 30ರಲ್ಲಿ ಗುರಿಹಲಗೆ ಮೂರು ಸೆಕೆಂಡು ಮುಖ ತೋರಿಸಿ ಏಳು ಸೆಕೆಂಡು ಮರೆಯಾಗುತ್ತದೆ, ಪ್ರತಿ ದರ್ಶನಕ್ಕೆ ಒಂದೇ ಗುಂಡು.

ಪೇಟೆಯ ಮಾತಿನಲ್ಲಿ ಬುಲೆಟ್ ಎಂದರೆ ಇಡೀ ತೋಟಾ. ನಿಜಕ್ಕೂ ತೋಟಾದಲ್ಲಿ ಇರುವುದು ಹಿತ್ತಾಳೆಯ ಕೊಳವೆ, ಅದರ ಬುಡದ ಕೇಪು, ಒಳಗಿನ ಮದ್ದು, ಬಾಯಿಗೆ ಕೂರಿಸಿದ ಗುಂಡು. ಈ ಸ್ಪರ್ಧೆಯ ಅಂತರರಾಷ್ಟ್ರೀಯ ನಿಯಮ ಕೇಳುವುದು ಎರಡು ಮಾತು: ಅಳತೆ 7.62ರಿಂದ 9.65 ಮಿಲಿಮೀಟರಿನ ಒಳಗಿರಬೇಕು, ಗುಂಡು ಸೀಸದ್ದೋ ಅಂಥದೇ ಮೃದು ವಸ್ತುವಿನದೋ ಆಗಿರಬೇಕು. ಲೋಹದ ಕವಚ ತೊಟ್ಟ ಗುಂಡು ಕೂಡದು. ಮೃದು ಸೀಸ ಉಕ್ಕಿಗೆ ಬಡಿದರೆ ಅಪ್ಪಚ್ಚಿಯಾಗುತ್ತದೆ. ಗಟ್ಟಿ ಗುಂಡು ಅದೇ ಉಕ್ಕನ್ನು ಕೆತ್ತುತ್ತದೆ, ಕೆಲವೊಮ್ಮೆ ಚಿಮ್ಮಿ ಹಿಂದಕ್ಕೂ ಬರುತ್ತದೆ. ತಮಾಷೆಯೆಂದರೆ, ಮುಚ್ಚಿದ ಕಟ್ಟಡದೊಳಗಿನ ಕೆಲವು ರೇಂಜುಗಳು ಇದಕ್ಕೆ ತದ್ವಿರುದ್ಧ. ಗಾಳಿಯಲ್ಲಿ ಸೀಸ ಸೇರಬಾರದೆಂದು ಅವು ಪೂರ್ತಿ ಹೊದಿಕೆಯಿರುವ ಗುಂಡನ್ನೇ ಕೇಳುತ್ತವೆ. ಆದ್ದರಿಂದ ಒಳ್ಳೆಯ ಗುಂಡು ಯಾವುದು ಎಂಬ ಪ್ರಶ್ನೆಗೆ, ಎಲ್ಲಿ ಹೊಡೆಯುತ್ತೀರಿ ಎಂದು ತಿಳಿಯದೆ ಉತ್ತರವಿಲ್ಲ.

ಅವನಿಗೆ ಬೇಕಿದ್ದದ್ದು .32 ವಾಡ್‌ಕಟರ್. ಮೂತಿಯೇ ಇಲ್ಲದ, ಚಪ್ಪಟೆ ತಲೆಯ ಗುಂಡು. ಪೆನ್ಸಿಲ್ ತುಂಡರಿಸಿ ಇಟ್ಟಂತೆ ಕಾಣುತ್ತದೆ, ತೂಕ ಸುಮಾರು ಆರೂವರೆ ಗ್ರಾಂ. ಚೂಪು ಗುಂಡು ಕಾಗದವನ್ನು ಹರಿದುಕೊಂಡು ಹೋದರೆ ಇದು ಪಂಚಿಂಗ್ ಮಷೀನಿನಂತೆ ದುಂಡಗೆ ಕತ್ತರಿಸುತ್ತದೆ. ತೂತಿನ ಅಂಚು ಮೇಲಿನ ಅಂಕದ ಗೆರೆಗೆ ತಾಗಿದರೂ ಆ ಅಂಕವೇ ಸಿಗುವ ಆಟದಲ್ಲಿ ಅಂಚು ಸ್ಪಷ್ಟವಾಗಿರುವುದು ಸಣ್ಣ ವಿಷಯವಲ್ಲ. ಆದರೆ ಅದು ಹೊರದೇಶದಿಂದ ಬರಬೇಕು. ಬಂದದ್ದನ್ನು ಕ್ಲಬ್ಬಿನವರೆಲ್ಲ ಹಂಚಿಕೊಂಡರೆ ತಲೆಗೆ ಸಿಗುವುದು ಕೆಲವೇ ಪೆಟ್ಟಿಗೆ.

ವಿರಾಜಪೇಟೆ ಕಡೆಯ ಊರಿನಿಂದ ಅಪ್ಪ ಬಂದಿದ್ದರು. ವಯಸ್ಸು ಎಪ್ಪತ್ತಾರು, ಮಂಡಿನೋವು. ಓಎಂಆರ್ ರಸ್ತೆಯ ಸದ್ದಿಗೆ ನಿದ್ದೆ ಬಾರದೆ ಬಾಲ್ಕನಿಯಲ್ಲಿ ಕೂತಿರುತ್ತಿದ್ದರು. ಮಗನ ಕಥೆ ಕೇಳಿದವರೇ ನೆಟ್ಟಗೆ ಕೂತರು.

“ಅದಕ್ಯಾಕೆ ಕಂಡವರನ್ನ ಕಾಯ್ತೀಯ? ಖಾಲಿ ತೋಟಾ ಇಟ್ಕೊಂಡಿದ್ದೀಯಲ್ಲ. ಗುಂಡು, ಮದ್ದು, ಕೇಪು ತರಿಸು. ನಾನು ತುಂಬಿಕೊಡ್ತೀನಿ.”

ಅವರ ಬಾಲ್ಯದಲ್ಲಿ ಮನೆಯ ಒಲೆಯ ಮೇಲೆಯೇ ಸೀಸ ಕರಗುತ್ತಿತ್ತು. ಕೇಪಿನ ಕೋವಿಗೆ ಮದ್ದು ಸುರಿದು, ನಾರು ತುರುಕಿ, ಗುಂಡಿಟ್ಟು ಗಜದಿಂದ ಜಡಿಯುವುದನ್ನು ಅವರು ಮೀಸೆ ಮೂಡುವ ಮೊದಲೇ ಕಲಿತಿದ್ದರು. ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜೆ, ಆಮೇಲೆ ಮರದ ತುದಿಯ ತೆಂಗಿನಕಾಯಿಗೆ ಈಡು. ಈಗ ಕೈ ನಡುಗುತ್ತದೆ, ತೆಂಗಿನಕಾಯಿ ಹೊಡೆದು ವರ್ಷಗಳಾಗಿವೆ. ತುಂಬುವ ಕೆಲಸವಾದರೂ ತನ್ನಿಂದ ಆದೀತು ಎಂಬ ಆಸೆ ಅವರ ದನಿಯಲ್ಲಿತ್ತು. ಮಗನಿಗೆ ಅದು ಕೇಳಿಸದೆ ಇರಲಿಲ್ಲ.

ಅವನು ಎರಡು ವಾರ ಅದನ್ನೇ ಓದಿದ. ಬುಡ ಟೊಳ್ಳಾದ ಗುಂಡು ಒಂದು ಜಾತಿ. ಮದ್ದಿನ ಒತ್ತಡಕ್ಕೆ ಅದರ ಬುಡ ಅರಳಿ ನಳಿಗೆಗೆ ಬಿಗಿಯಾಗಿ ಕೂರುತ್ತದೆ, ಆದರೆ ಮದ್ದು ಜಾಸ್ತಿಯಾದರೆ ಆ ಬುಡವೇ ಕಿತ್ತು ನಳಿಗೆಯಲ್ಲಿ ಉಳಿಯುವ ಭಯ. ಗಟ್ಟಿ ಬುಡದ್ದು ಅಷ್ಟು ನಾಜೂಕಲ್ಲ, ಆದರೆ ಅದರ ಅಳತೆ ನಳಿಗೆಗೆ ಕರಾರುವಾಕ್ಕಾಗಿ ಹೊಂದಬೇಕು. ಇಲ್ಲದಿದ್ದರೆ ಬಿಸಿ ಅನಿಲ ಸಂದಿಯಲ್ಲಿ ನುಗ್ಗಿ ಸೀಸವನ್ನು ನಳಿಗೆಯ ಗೋಡೆಗೆ ಬಳಿಯುತ್ತದೆ. ಮೂರನೆಯದು ಬಣ್ಣದಂಥ ಪ್ಲಾಸ್ಟಿಕ್ ಲೇಪದ ಗುಂಡು. ಅದನ್ನು ಆ ಆಫೀಸರ್ ಸೀಸವೆಂದು ಒಪ್ಪುವರೋ ಕವಚವೆಂದು ತಳ್ಳುವರೋ, ಮೊದಲೇ ಕೇಳಿಕೊಳ್ಳದೆ ತರಿಸುವುದು ದಡ್ಡತನ.

ಆದರೆ ಇವೆಲ್ಲಕ್ಕೂ ಮೊದಲು ಕಾನೂನು ಅಡ್ಡ ನಿಂತಿತು. ಅವನಲ್ಲಿದ್ದದ್ದು ಪಿಸ್ತೂಲು ಇಟ್ಟುಕೊಳ್ಳುವ ಪರವಾನಗಿ. ತೋಟಾ ತಯಾರಿಸಲು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಡಿ ಬೇರೆಯೇ ಪರವಾನಗಿ ಬೇಕು. ತೋಟಾದ ಬಿಡಿಭಾಗ, ಅದನ್ನು ತಯಾರಿಸುವ ಯಂತ್ರ ಕೂಡ ಆ ಕಾಯ್ದೆಯ ಲೆಕ್ಕದಲ್ಲಿ ಮದ್ದುಗುಂಡೇ.

“ನಮಗೆ ವಿನಾಯಿತಿ ಇದೆಯಲ್ಲ,” ಎಂದರು ಅಪ್ಪ.

“ಅದು 3 ಮತ್ತು 4ನೇ ಕಲಮಿಗೆ ಅಪ್ಪ, ಕೋವಿ ಇಟ್ಕೊಳ್ಳೋದಕ್ಕೆ. ತಯಾರಿಸೋದಕ್ಕಲ್ಲ.”

ಅಪ್ಪ ಸುಮ್ಮನಾಗಲಿಲ್ಲ. ಪರವಾನಗಿಗೆ ಅರ್ಜಿ ಹಾಕು, ಸಿಗುವವರೆಗೆ ನಾನು ಇಲ್ಲೇ ಇರ್ತೀನಿ ಎಂದರು. ಆಗ ಅವನು ಹೇಳಲು ಹಿಂಜರಿಯುತ್ತಿದ್ದದ್ದನ್ನು ಹೇಳಬೇಕಾಯಿತು. ಸುಟ್ಟ ಕೇಪಿನ ಮಸಿಯಲ್ಲಿ ಸೀಸವಿರುತ್ತದೆ. ಖಾಲಿ ಕೊಳವೆಗಳನ್ನು ಯಂತ್ರದಲ್ಲಿ ಉರುಳಿಸಿ ತೊಳೆಯುವಾಗ ಏಳುವ ಧೂಳು ನೆಲದ ಮೇಲೆ ಕೂರುತ್ತದೆ. ನೆಲದ ಮೇಲೆ ಆಡುವವಳು ನಾಲ್ಕು ವರ್ಷದ ಮಗಳು. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅದಕ್ಕೆ ಬೇರೆ ಜಾಗವಿಲ್ಲ.

“ನಾವೆಲ್ಲ ಅದೇ ಒಲೇಲಿ ಅನ್ನ ಉಂಡು ಬೆಳೆದೋರು,” ಎಂದ ಅಪ್ಪ, ಮೊಮ್ಮಗಳು ಅವರ ಚಪ್ಪಲಿಯ ಪಟ್ಟಿ ಕಚ್ಚುತ್ತಿದ್ದದ್ದನ್ನು ಕಂಡು ಕೈಯಿಂದ ಬಿಡಿಸಿಕೊಂಡರು. ಆ ದಿನ ಆ ಮಾತು ಮತ್ತೆ ಬರಲಿಲ್ಲ. ಊಟದ ಹೊತ್ತಿನಲ್ಲೂ ಅವರು ಹೆಚ್ಚು ಮಾತಾಡಲಿಲ್ಲ.

ಮೂರು ತಿಂಗಳ ನಂತರ ಕ್ಲಬ್ಬಿಗೆ ಸೀಸದ ವಾಡ್‌ಕಟರ್ ಬಂತು. ಅವನ ಪಾಲಿಗೆ ನಾಲ್ಕು ಪೆಟ್ಟಿಗೆ. ವಾರಕ್ಕೆ ಇಪ್ಪತ್ತು ಮಾತ್ರ ಎಂದು ಲೆಕ್ಕ ಹಾಕಿಕೊಂಡು, ಉಳಿದ ಅಭ್ಯಾಸಕ್ಕೆ .22 ಹಿಡಿದ. ಮೊದಲ ಶನಿವಾರ ಅಪ್ಪನೂ ಜೊತೆಗೆ ಹೊರಟರು. ಕಿವಿಗೆ ಮಫ್ ಹಾಕಿಕೊಂಡು ಹಿಂದಿನ ಬೆಂಚಿನಲ್ಲಿ ಕೂತು, ಪ್ರತಿ ಸುತ್ತಿಗೂ ಬೆರಳು ಮಡಚಿ ಎಣಿಸಿದರು. ಆಫೀಸರ್ ಈ ಬಾರಿಯೂ ಒಂದು ಗುಂಡು ಗೀರಿ ನೋಡಿ, ಮಾತಿಲ್ಲದೆ ತಲೆಯಾಡಿಸಿದ್ದರು.

ಮುಗಿದ ಮೇಲೆ ಅಪ್ಪ ಕಾಗದದ ಗುರಿಯನ್ನು ಬೆಳಕಿಗೆ ಹಿಡಿದರು. ಹತ್ತರ ಗೆರೆಗೆ ತಾಗಿದ ಒಂದು ದುಂಡು ತೂತಿನ ಅಂಚಿನ ಮೇಲೆ ಉಗುರು ಆಡಿಸಿ, “ಇದು ಹತ್ತೇ,” ಎಂದರು. ಆಮೇಲೆ ಬಾಗಿ ಖಾಲಿ ತೋಟಾ ಹೆಕ್ಕಲು ಹೋದವರು ತಡೆದು ನಿಂತು, ನಲ್ಲಿಯಿರುವ ಕಡೆ ನೋಡಿ, “ಸೋಪು ಇದೆಯಾ ಅಲ್ಲಿ?” ಎಂದು ಕೇಳಿದರು.