ಕೇಬಲ್ ಕಿತ್ತರೂ ಕೇಳಿಸ್ತಿತ್ತು!

ಓದಿದ್ದು ಎಲೆಕ್ಟ್ರಾನಿಕ್ಸ್, ಹೊಟ್ಟೆಪಾಡಿಗೆ ಕುಟ್ಟೋದು ಕೋಡು. ಕೆಲಸಕ್ಕೆ ಸೇರಿದ ಹೊಸತರಲ್ಲಿ ರೇಡಿಯೋ ರಿಸೀವರ್‌ಗಳನ್ನ ಟೆಸ್ಟ್ ಮಾಡೋ ಪ್ರೋಗ್ರಾಂ ಬರೆಯೋಕೆ ಹೇಳಿದ್ರು. ಸಿಗ್ನಲ್ ಜನರೇಟರ್‌ನಿಂದ ವೋಲ್ಟೇಜ್ ಇಳಿಸ್ತಾ ಹೋಗಬೇಕು, ರಿಸೀವರ್‌ಗೆ ಎಲ್ಲೀವರೆಗೆ ಕೇಳಿಸತ್ತೆ ಅಂತ ಬರೆದುಕೋಬೇಕು. ಅಷ್ಟೇ.

ಒಂದು ಮೈಕ್ರೋವೋಲ್ಟನ್ನ ನೇರವಾಗಿ ಅಳೆಯೋದು ಕಷ್ಟ. ಅದಕ್ಕೇ ದೊಡ್ಡದನ್ನ ಸರಿಯಾಗಿ ಅಳೆದು, ಆಮೇಲೆ ನಂಬಿಕಸ್ಥ ರೆಸಿಸ್ಟರ್‌ಗಳಿಂದ ಭಾಗಿಸ್ತಾ ಬರ್ತಾರೆ. 50 ಓಮ್ ಲೋಡಿಗೆ ಒಂದು ಮಿಲಿವಾಟ್ ಅಂದ್ರೆ ಸುಮಾರು 224 ಮಿಲಿವೋಲ್ಟ್. ಇದನ್ನ ಪವರ್ ಮೀಟರ್ ಆರಾಮಾಗಿ ಅಳೆಯತ್ತೆ. ಪ್ರತಿ 20 ಡೆಸಿಬೆಲ್‌ಗೆ ವೋಲ್ಟೇಜ್ ಹತ್ತನೇ ಒಂದು ಪಾಲಾಗತ್ತೆ. 107 ಡೆಸಿಬೆಲ್ ಇಳಿಸಿದ್ರೆ ಒಂದು ಮೈಕ್ರೋವೋಲ್ಟ್. ಪೇಪರ್ ಮೇಲೆ ಎಷ್ಟು ಚಂದ!

ನನ್ನ ಟೆಸ್ಟಲ್ಲಿ ಒಂದೂ ರಿಸೀವರ್ ಫೇಲಾಗಲಿಲ್ಲ. 0.02 ಮೈಕ್ರೋವೋಲ್ಟಿಗೂ ಕೇಳಿಸ್ತಿತ್ತು! ನಾನು ಕಾಲರ್ ಎತ್ತಿಕೊಂಡು ಓಡಾಡಿದೆ. ರೂಮಿನ ತಾಪದಲ್ಲಿ 10 ಕಿಲೋಹರ್ಟ್ಸ್ ಅಗಲಕ್ಕೆ ಸಹಜವಾದ ನಾಯ್ಸೇ ಸುಮಾರು 0.045 ಮೈಕ್ರೋವೋಲ್ಟ್ ಇರತ್ತೆ. ಇದನ್ನೇ ಪರೀಕ್ಷೇಲಿ ಬರೆದು ಮಾರ್ಕ್ಸ್ ತಗೊಂಡವನು ನಾನು :(

ಲ್ಯಾಬಿನ ಹಿರಿಯ ಟೆಕ್ನೀಷಿಯನ್ ಒಬ್ಬರು ರಿಪೋರ್ಟ್ ನೋಡಿದ್ರು. ಏನೂ ಹೇಳದೆ ಕೇಬಲ್ ಕಿತ್ತು, ರಿಸೀವರ್ ಬಾಯಿಗೆ 50 ಓಮ್ ಮುಚ್ಚಳ ಹಾಕಿದ್ರು. ಟೋನ್ ಇನ್ನೂ ಬರ್ತಾ ಇತ್ತು.

"ಈಗ ಯಾವ ದಾರೀಲಿ ಬಂತಪ್ಪಾ ಇದು?"

"ಗೊತ್ತಿಲ್ಲ ಸಾರ್..."

ಜನರೇಟರ್ ಹಿಂದಿನ ಪ್ಲೇಟಿಗೆ ಅರ್ಧ ಸ್ಕ್ರೂನೇ ಇರಲಿಲ್ಲ, ಕೇಬಲ್ಲೂ ಅಗ್ಗದ್ದು. ಮುಂಬಾಗಿಲಲ್ಲಿ ನಾನು ಹನಿ ಹನಿ ಲೆಕ್ಕ ಹಾಕ್ತಿದ್ರೆ ಹಿತ್ತಲಲ್ಲಿ ಬಿಂದಿಗೆಗಟ್ಟಲೆ ಹರೀತಿತ್ತು. ಅಟೆನ್ಯುಯೇಟರ್ ಎಷ್ಟೇ ಒಳ್ಳೇದಿದ್ರೂ, ಅದನ್ನ ಸುತ್ತಿ ಬರೋದನ್ನ ಅದು ತಡೆಯೋದು ಹೇಗೆ?

ಅಷ್ಟರಲ್ಲಿ 14 ರಿಸೀವರ್ ಪಾಸಾಗಿ ಪ್ಯಾಕ್ ಆಗಿದ್ವು. ಮ್ಯಾನೇಜರ್ ಬಾಗಿಲ ಹತ್ತಿರ ಎರಡು ಸಲ ಹೋಗಿ ವಾಪಸ್ ಬಂದೆ. ಮೂರನೇ ಸಲ ಹೇಳಿಬಿಟ್ಟೆ. ಸ್ಕ್ರೂ ಬಿಗಿದು, ಎರಡು ಪದರದ ಶೀಲ್ಡ್ ಇರೋ ಕೇಬಲ್ ಹಾಕಿ ಎಲ್ಲಾ ಮತ್ತೆ ಟೆಸ್ಟ್ ಮಾಡಿದ್ವಿ. ಮೂರು ಫೇಲ್.

ಈಗ ಮನೇಲೇ ಒಂದು ಅಟೆನ್ಯುಯೇಟರ್ ಕಟ್ತಾ ಇದೀನಿ. ತಗಡಿನ ಡಬ್ಬಿ, ಪ್ರತಿ 20 ಡೆಸಿಬೆಲ್‌ಗೂ ಬೇರೆ ಬೇರೆ ಗೂಡು. ನಡುವೆ 247.5 ಓಮ್ ಬೇಕು, ಎಸ್. ಪಿ. ರೋಡಲ್ಲಿ ಕೇಳಿದ್ರೆ ಅಂಗಡಿಯವ್ರು ನಕ್ಕರು. 270ರ ಜೊತೆ 3 ಕಿಲೋ ಓಮ್ ಪ್ಯಾರಲಲ್ ಹಾಕಿದ್ರೆ 247.7 ಬರತ್ತೆ, ನಡೆಯತ್ತೆ. ಎರಡು ಬದಿಗೆ 61.1 ಓಮ್ ಬೇಕಲ್ಲ, ಅದಕ್ಕೆ 68 ಮತ್ತು 620 ತಂದಿದೀನಿ. ತಗಡಿಗೆ ಬೆಸುಗೆ ಮಾತ್ರ ಹಿಡೀತಾನೇ ಇಲ್ಲ. ನಿಮ್ಮಲ್ಲಿ ಯಾರಾದ್ರೂ ಮಾಡಿದ್ರೆ ಹೇಳಿ ಮಾರಾಯ್ರೆ :)